ಹಸಿರು ಹಾಗೂ ಮರದ ತ್ಯಾಜ್ಯದ ವಾಣಿಜ್ಯ ಕಾಂಪೋಸ್ಟ್ ಘಟಕಗಳು: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಹೊಲ, ತೋಟ, ಉದ್ಯಾನ, ಸಾಮಿಲ್ಲು ಹಾಗೂ ರಸ್ತೆ ಬದಿಯ ಮರಗಳಿಂದ ದೊರೆಯುವ ಎಲೆ, ಹುಲ್ಲು, ಕಡ್ಡಿ, ರೆಂಬೆ, ತೊಗಟೆ ಮತ್ತು ಮರದ ಪುಡಿಯನ್ನು ಸಂಗ್ರಹಿಸಿ, ಕೊಳೆಯಿಸಿ, ಗೊಬ್ಬರವನ್ನಾಗಿ ಪರಿವರ್ತಿಸಿ ಮಾರಾಟ ಮಾಡುವ ಘಟಕಗಳನ್ನು ಸ್ಥಾಪಿಸಲು ಇಚ್ಛಿಸುವ ವ್ಯಕ್ತಿಗಳು, ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಸಣ್ಣ ಉದ್ದಿಮೆದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ರೈತನು ತನ್ನ ಜಮೀನಿನ ಕಸಕಡ್ಡಿಯನ್ನು ತನ್ನ ತಿಪ್ಪೆಯಲ್ಲಿ ಹಾಕಿ, ತನ್ನ ಹೊಲಕ್ಕೇ ಬಳಸಿಕೊಳ್ಳುವುದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ. ಇತರರಿಂದ ತ್ಯಾಜ್ಯವನ್ನು ಪಡೆದು, ತಯಾರಾದ ಗೊಬ್ಬರವನ್ನು ಇತರರಿಗೆ ಮಾರುವ ಘಟಕಗಳಿಗೆ ಮಾತ್ರ ಇಲ್ಲಿನ ವಿಷಯಗಳು ಅನ್ವಯಿಸುತ್ತವೆ.

ಅರ್ಜಿದಾರರಲ್ಲಿ ಹೆಚ್ಚಿನವರು ಯಂತ್ರದ ಬೆಲೆ, ಸಾಲ ಮತ್ತು ಸಹಾಯಧನದ ಬಗ್ಗೆ ಮೊದಲು ವಿಚಾರಿಸುತ್ತಾರೆ. ಇವು ಅಗತ್ಯವೇ ಆದರೂ, ಘಟಕದ ಗೇಟಿನೊಳಗೆ ಏನು ಬರುತ್ತದೆ, ಯಾವುದನ್ನು ವಾಪಸು ಕಳುಹಿಸಲಾಗುತ್ತದೆ ಎಂಬ ಪ್ರಶ್ನೆಯೇ ಮೊದಲನೆಯದು. ಗೇಟಿನಲ್ಲಿ ಆದ ತಪ್ಪನ್ನು ಮುಂದೆ ಯಾವ ಯಂತ್ರದಿಂದಲೂ, ಕೆಲವು ವೇಳೆ ಯಾವ ಪ್ರಯೋಗಾಲಯದ ವರದಿಯಿಂದಲೂ ಸರಿಪಡಿಸಲಾಗುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಿಗೆ ಈ ಮಾತು ಬೇರೆಡೆಗಿಂತ ಹೆಚ್ಚು ಅನ್ವಯಿಸುತ್ತದೆ. ಅದಕ್ಕೆ ಕಾರಣವನ್ನು ಮುಂದೆ ವಿವರಿಸಲಾಗಿದೆ.

ಕಚ್ಚಾವಸ್ತುವಿನ ಲಭ್ಯತೆ

ಕೃಷ್ಣರಾಜನಗರವು ಕಾವೇರಿಯ ನಾಲೆಗಳ ನೀರಿನಿಂದ ಭತ್ತ ಬೆಳೆಯುವ ಪ್ರದೇಶ. ಅಲ್ಲಿ ಅಕ್ಕಿ ಗಿರಣಿಗಳ ಹೊಟ್ಟು, ಕಬ್ಬಿನ ತರಗು, ಬಾಳೆಯ ದಿಂಡು ದೊರೆಯುತ್ತವೆ. ಭತ್ತದ ಹುಲ್ಲು ದನಗಳ ಮೇವಾಗಿ ಮಾರಾಟವಾಗುವುದರಿಂದ ಅದನ್ನು ಕಚ್ಚಾವಸ್ತುವೆಂದು ಯೋಜನಾ ವರದಿಯಲ್ಲಿ ತೋರಿಸುವುದು ಸಾಮಾನ್ಯವಾಗಿ ನಿಲ್ಲದ ಲೆಕ್ಕ. ಮಳೆಗೆ ಸಿಕ್ಕಿ ಕೆಟ್ಟ ಹುಲ್ಲು ಮಾತ್ರ ಘಟಕಕ್ಕೆ ಬರುತ್ತದೆ. ಹೆಗ್ಗಡದೇವನಕೋಟೆ ಮತ್ತು ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರು ಭಾಗದಲ್ಲಿ ಹತ್ತಿಯ ಕಡ್ಡಿ, ಮುಸುಕಿನ ಜೋಳದ ದಂಟು, ಶುಂಠಿ ಹೊಲದ ಹೊದಿಕೆ ಹುಲ್ಲು ಇವೆ. ಹುಣಸೂರಿನಲ್ಲಿ ಸಾಮಿಲ್ಲುಗಳ ಮರದ ಪುಡಿ ಮತ್ತು ತೊಗಟೆ, ತೆಂಗಿನ ಗರಿ ಹಾಗೂ ಮಟ್ಟೆ ಸಿಗುತ್ತವೆ. ಪಿರಿಯಾಪಟ್ಟಣ ಮತ್ತು ಹುಣಸೂರಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರ ಕಣ್ಣಿಗೂ ಬೀಳುವಂತೆ, ಹೊಗೆಸೊಪ್ಪಿನ ಕಡ್ಡಿ ಇದೆ.

ಮರದ ತ್ಯಾಜ್ಯದ ಬಗ್ಗೆ ಅರ್ಜಿದಾರರು ಒಂದು ವಾಸ್ತವವನ್ನು ಗಮನಿಸತಕ್ಕದ್ದು. ಈ ತಾಲ್ಲೂಕುಗಳಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕನ್ನು ಬ್ಯಾರನ್‌ಗಳಲ್ಲಿ ಸೌದೆಯ ಕಾವಿನಿಂದ ಹದಗೊಳಿಸಲಾಗುತ್ತದೆ. ಹದವಾದ 1 ಕಿಲೋ ಎಲೆಗೆ ಸುಮಾರು 5 ಕಿಲೋ ಸೌದೆ ಬೇಕಾಗುತ್ತದೆ. ಆದ್ದರಿಂದ ಉರಿಯಬಲ್ಲ ಗಾತ್ರದ ಯಾವುದೇ ಕೊಂಬೆಗೆ ಇಲ್ಲಿ ಬ್ಯಾರನ್‌ನಲ್ಲಿ ಗಿರಾಕಿ ಇದ್ದೇ ಇರುತ್ತಾನೆ. ಹದಗೊಳಿಸುವ ಕೆಲಸ ಮುಂಗಾರಿನಲ್ಲಿ ಆರಂಭವಾಗಿ ಕಟಾವು ಮುಗಿಯುವವರೆಗೂ ನಡೆಯುತ್ತದೆ; ಸೌದೆಯ ಶೇಖರಣೆ ಅದಕ್ಕೂ ಮೊದಲು, ಬೇಸಿಗೆಯಲ್ಲೇ ಆಗಿಬಿಡುತ್ತದೆ. ಬೇರೆ ಜಿಲ್ಲೆಯ ಯೋಜನಾ ವರದಿಯನ್ನು ನಕಲು ಮಾಡಿ, ಮರದ ತ್ಯಾಜ್ಯ ಉಚಿತವಾಗಿ ದೊರೆಯುತ್ತದೆಂದು ತೋರಿಸಿದ ವರದಿಗಳು ಇಲ್ಲಿ ನಿಲ್ಲುವುದಿಲ್ಲ. ಘಟಕಕ್ಕೆ ನಿಜವಾಗಿ ದೊರೆಯುವುದು ಒಲೆಗೂ ಬ್ಯಾರನ್‌ಗೂ ಬೇಡವಾದದ್ದು: ಮರದ ಪುಡಿ, ತೊಗಟೆ, ಬೆರಳು ಗಾತ್ರಕ್ಕಿಂತ ಸಣ್ಣ ಕಡ್ಡಿ, ಬೇಲಿ ಕತ್ತರಿಸಿದ ಸೊಪ್ಪು, ತೆಂಗಿನ ನಾರಿನ ಪುಡಿ.

ಅರಣ್ಯದಿಂದ ತರಗೆಲೆ, ಸೌದೆ ಅಥವಾ ಹಸಿರು ಸೊಪ್ಪನ್ನು ತರುವುದನ್ನು ಯಾವ ಘಟಕವೂ ಲೆಕ್ಕಕ್ಕೆ ಹಿಡಿಯಬಾರದು. ನಾಗರಹೊಳೆ ಮತ್ತು ಬಂಡೀಪುರ ರಾಷ್ಟ್ರೀಯ ಉದ್ಯಾನಗಳು ಈ ತಾಲ್ಲೂಕುಗಳ ಗಡಿಗೆ ತಾಗಿಕೊಂಡಿದ್ದು, ಅಲ್ಲಿಂದ ಅನುಮತಿಯಿಲ್ಲದೆ ಏನನ್ನು ಹೊರತಂದರೂ ಅದು ಅಪರಾಧವಾಗುತ್ತದೆ. ಲಂಟಾನದಂತಹ ಕಳೆಯನ್ನು ತೆಗೆಯುವ ಕೆಲಸವನ್ನು ಅರಣ್ಯ ಇಲಾಖೆಯೇ ಕೈಗೊಂಡು, ಲಿಖಿತವಾಗಿ ವಿಲೇವಾರಿ ಮಾಡಿದಲ್ಲಿ ಮಾತ್ರ ಅದನ್ನು ಪಡೆಯಬಹುದು. ಅದೂ ಹಣ್ಣು ಕಟ್ಟುವ ಮೊದಲು ಕತ್ತರಿಸಿದ್ದಾಗಿರಬೇಕು.

ಹೊಗೆಸೊಪ್ಪಿನ ಕಡ್ಡಿಯ ವಿಷಯ

ಕಡೆಯ ಎಲೆ ಮುರಿದ ನಂತರ ಹೊಲದಲ್ಲಿ ಉಳಿಯುವ ಕಡ್ಡಿಯನ್ನು ಕೀಳುವುದು ರೈತನಿಗೆ ಖರ್ಚಿನ ಕೆಲಸ. ಕಿತ್ತ ಕಡ್ಡಿಯನ್ನು ಬದುವಿನಲ್ಲಿ ರಾಶಿ ಹಾಕಿ ಸುಡುವುದು ರೂಢಿಯಲ್ಲಿದೆ. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ ಹರಾಜು ಮಾರುಕಟ್ಟೆಗಳ ಸುತ್ತಲಿನ ಗ್ರಾಮಗಳಲ್ಲಿ ಒಂದು ಘಟಕಕ್ಕೆ ಬೇಕಾದಷ್ಟು ಕಡ್ಡಿ ಸಾಗಣೆ ವೆಚ್ಚ ಒಂದರಿಂದಲೇ ದೊರೆಯುತ್ತದೆ. ಕಡ್ಡಿಯಲ್ಲಿ ಪೊಟ್ಯಾಷ್ ಅಂಶ ಚೆನ್ನಾಗಿದೆ. ಅದರಲ್ಲಿರುವ ನಿಕೋಟಿನ್ ಬಗ್ಗೆ ಅನೇಕರಿಗೆ ಆತಂಕವಿದೆ. ಆದರೆ ಸರಿಯಾಗಿ ಕಾವೇರಿದ, ಗಾಳಿಯಾಡುವ ರಾಶಿಯಲ್ಲಿ ಸೂಕ್ಷ್ಮಜೀವಿಗಳು ನಿಕೋಟಿನ್ ಅನ್ನು ವಿಘಟಿಸುತ್ತವೆ. ತೊಂದರೆ ಇರುವುದು ನಿಕೋಟಿನ್‌ನಲ್ಲಿ ಅಲ್ಲ.

ತಂಬಾಕು ಮೊಸಾಯಿಕ್ ವೈರಸ್ ಎಂಬ ನಂಜಾಣು ಹೊಗೆಸೊಪ್ಪಿನ ಎಲೆಗಳಲ್ಲಿ ತಿಳಿ ಹಾಗೂ ಕಡು ಹಸಿರಿನ ಮಚ್ಚೆಗಳನ್ನು ಉಂಟುಮಾಡುತ್ತದೆ. ಇದೇ ನಂಜಾಣು ಟೊಮೆಟೊ ಮತ್ತು ಮೆಣಸಿನಕಾಯಿ ಗಿಡಗಳಿಗೂ ತಗಲುತ್ತದೆ. ಇದು ಹರಡಲು ಕೀಟ ಬೇಕಿಲ್ಲ. ಕೈ, ಬಟ್ಟೆ, ಸಲಿಕೆ, ಮಣ್ಣಿನಲ್ಲಿ ಉಳಿದ ಗಿಡದ ತುಣುಕು ಸಾಕು. ಒಣಗಿದ ಎಲೆ ಮತ್ತು ಕಡ್ಡಿಯಲ್ಲಿ ಇದು ವರ್ಷಗಟ್ಟಲೆ ಉಳಿಯಬಲ್ಲದು. ಕಾಂಪೋಸ್ಟ್ ರಾಶಿಯ ಕಾವು 55ರಿಂದ 65 ಡಿಗ್ರಿ ಸೆಲ್ಸಿಯಸ್. ಈ ಕಾವಿನಲ್ಲಿ ಬೇರುಗಂಟು ಉಂಟುಮಾಡುವ ಜಂತುಹುಳು, ಹೆಚ್ಚಿನ ಶಿಲೀಂಧ್ರಗಳು ಹಾಗೂ ಕಳೆಬೀಜಗಳು ಸಾಯುತ್ತವೆ. ಈ ನಂಜಾಣುವಾದರೋ, ಸಸ್ಯರಸದಲ್ಲಿ ಪರೀಕ್ಷಿಸಿದಾಗ, 90 ಡಿಗ್ರಿಗೂ ಮೇಲಿನ ಕಾವಿನಲ್ಲಿ 10 ನಿಮಿಷ ಇಟ್ಟ ನಂತರವೇ ನಿಷ್ಕ್ರಿಯವಾಗುತ್ತದೆ. ದೀರ್ಘಕಾಲ ಕೊಳೆತ ರಾಶಿಯಲ್ಲಿ ಅದರ ಪ್ರಮಾಣ ಇಳಿಯುವುದಾದರೂ, ಸಂಪೂರ್ಣವಾಗಿ ಹೋಗಿದೆ ಎಂದು ಹೇಳಲಾಗದು.

ಮಾರಾಟಕ್ಕೆ ಮುನ್ನ ಗೊಬ್ಬರವನ್ನು ಪರೀಕ್ಷೆಗೆ ಕಳುಹಿಸುತ್ತೇವಲ್ಲ ಎಂಬ ಉತ್ತರ ಇದಕ್ಕೆ ಸಾಲದು. ಗೊಬ್ಬರದ ಪರೀಕ್ಷೆಯಲ್ಲಿ ನೋಡಲಾಗುವ ರೋಗಾಣುಗಳು ಮನುಷ್ಯರ ಆರೋಗ್ಯಕ್ಕೆ ಸಂಬಂಧಿಸಿದವು. ಸಸ್ಯಗಳ ನಂಜಾಣು ಆ ಪಟ್ಟಿಯಲ್ಲಿಲ್ಲ. ಅಂದರೆ ಎಲ್ಲ ಮಾನದಂಡಗಳಲ್ಲೂ ಉತ್ತೀರ್ಣವಾದ ಚೀಲವೇ ನೆರೆಯ ಗ್ರಾಮದ ಟೊಮೆಟೊ ಸಸಿಮಡಿಗೆ ರೋಗವನ್ನು ಒಯ್ಯಬಹುದು. ಎಕರೆಗೆ ಸಾಲ ಮಾಡಿ ನಾಟಿ ಮಾಡಿದ ರೈತನಿಗೆ ಆ ಚೀಲದ ಮೇಲಿನ ಮುದ್ರೆಯಿಂದ ಪರಿಹಾರವೇನೂ ದೊರೆಯುವುದಿಲ್ಲ.

ಆದ್ದರಿಂದ ಹೊಗೆಸೊಪ್ಪಿನ ಕಡ್ಡಿಯನ್ನು ಪಡೆಯುವ ಘಟಕಗಳು ಅದನ್ನು ಪ್ರತ್ಯೇಕ ಜಾಗದಲ್ಲಿ, ಪ್ರತ್ಯೇಕ ರಾಶಿಯಾಗಿ, ಪ್ರತ್ಯೇಕ ಸಲಿಕೆ ಬುಟ್ಟಿಗಳಿಂದ ನಿರ್ವಹಿಸುವುದು ಸೂಕ್ತ. ರಾಶಿ ತಿರುವುವ ಯಂತ್ರ ಒಂದೇ ಆಗಿದ್ದಲ್ಲಿ ಕಡ್ಡಿಯ ರಾಶಿಯನ್ನು ಕೊನೆಗೆ ತಿರುವಿ, ಯಂತ್ರವನ್ನು ತೊಳೆದ ನಂತರವೇ ಬೇರೆ ರಾಶಿಗೆ ಬಳಸಬೇಕು. ಈ ಗೊಬ್ಬರವನ್ನು ರಾಗಿ, ಮುಸುಕಿನ ಜೋಳ, ಭತ್ತ, ತೆಂಗು ಅಥವಾ ನೆಡುತೋಪುಗಳಿಗೆ ಮಾತ್ರ ಮಾರಬೇಕೇ ಹೊರತು ತಂಬಾಕು, ಟೊಮೆಟೊ, ಮೆಣಸಿನಕಾಯಿ, ಬದನೆ, ಆಲೂಗಡ್ಡೆ ಬೆಳೆಗಾರರಿಗೆ ಹಾಗೂ ಯಾವುದೇ ತರಕಾರಿ ಸಸಿಮಡಿಗೆ ಮಾರಬಾರದು. ಚೀಲದ ಮೇಲೆ ಹಾಗೂ ಬಿಲ್ಲಿನಲ್ಲಿ ಈ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸುವುದು ಅಪೇಕ್ಷಣೀಯ. ಇಷ್ಟು ಪ್ರತ್ಯೇಕತೆಯನ್ನು ಕಾಪಾಡಲು ಜಾಗವಾಗಲಿ ಸಿಬ್ಬಂದಿಯಾಗಲಿ ಇಲ್ಲದ ಸಣ್ಣ ಘಟಕವು ಕಡ್ಡಿಯನ್ನು ಪಡೆಯದಿರುವುದೇ ಕ್ಷೇಮ. ಈ ಬಗ್ಗೆ ತಾಂತ್ರಿಕ ಸಲಹೆಯನ್ನು ಹುಣಸೂರಿನಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಶೋಧನಾ ಕೇಂದ್ರದಿಂದ ಹಾಗೂ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಿಂದ ಪಡೆಯಬಹುದಾಗಿದೆ.

ಗೇಟಿನಲ್ಲಿ ತಿರಸ್ಕರಿಸಬೇಕಾದ ಇತರೆ ವಸ್ತುಗಳು

ಬಣ್ಣ ಬಳಿದ ಮರ, ಪ್ಲೈವುಡ್, ಲ್ಯಾಮಿನೇಟ್ ಹಲಗೆಯ ಚೂರುಗಳು ಹಾಗೂ ಗೆದ್ದಲು ನಿರೋಧಕ ರಾಸಾಯನಿಕ ಹಾಕಿದ ಕಂಬಗಳನ್ನು ಸ್ವೀಕರಿಸತಕ್ಕದ್ದಲ್ಲ. ಪೀಠೋಪಕರಣ ತಯಾರಕರಿಂದ ಬರುವ ಮರದ ಪುಡಿಯಲ್ಲಿ ಇವು ಬೆರೆತಿರುತ್ತವೆ. ದಿಮ್ಮಿ ಕೊಯ್ಯುವ ಸಾಮಿಲ್ಲಿನ ಪುಡಿ ಸಾಮಾನ್ಯವಾಗಿ ಶುದ್ಧ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಕೊಳೆ ರೋಗ ಬಂದ ಶುಂಠಿಯ ಗೆಡ್ಡೆ ಹಾಗೂ ಹೂಬಿಟ್ಟ ಪಾರ್ಥೇನಿಯಂ ಕಳೆಯನ್ನು ಸಹ ವಾಪಸು ಕಳುಹಿಸಬೇಕು. ರಾಶಿಯ ಒಳಭಾಗಕ್ಕೆ ಕಾವು ಬಂದರೂ ಅಂಚಿನಲ್ಲಿ ಉಳಿದ ಬೀಜ ಮತ್ತು ಗೆಡ್ಡೆ ಸಾಯುವುದಿಲ್ಲ.

ಬ್ಯಾರನ್‌ಗಳ ಬೂದಿಯನ್ನು ಉಚಿತ ಪೊಟ್ಯಾಷ್ ಎಂದು ಭಾವಿಸಿ ರಾಶಿಗೆ ಸುರಿಯುವ ಅಭ್ಯಾಸವಿದೆ. ಬೂದಿ ಕ್ಷಾರವಾದುದರಿಂದ ಕಾವೇರುತ್ತಿರುವ ರಾಶಿಯ ಸಾರಜನಕವನ್ನು ಅಮೋನಿಯಾ ಅನಿಲವಾಗಿ ಗಾಳಿಗೆ ಬಿಡಿಸಿಬಿಡುತ್ತದೆ. ಮೂಗಿಗೆ ಬಡಿಯುವ ಆ ಘಾಟು ಎಂದರೆ ಘಟಕವು ಹಣ ಕೊಟ್ಟು ತಂದ ಸಾರಜನಕವೇ ಹಾರಿಹೋಗುತ್ತಿದೆ ಎಂದರ್ಥ.

ತೆಂಗಿನ ನಾರಿನ ಪುಡಿಯನ್ನು ಖರೀದಿಸುವಾಗ ಅದರ ಮೂಲವನ್ನು ವಿಚಾರಿಸಬೇಕು. ಕರಾವಳಿಯ ಉಪ್ಪುನೀರಿನಲ್ಲಿ ನೆನೆಸಿದ ನಾರಿನ ಪುಡಿಯಲ್ಲಿ ಲವಣಾಂಶ ಹೆಚ್ಚು. ಕ್ಲೋರೈಡ್ ಹೆಚ್ಚಾದ ಗೊಬ್ಬರ ತಂಬಾಕಿನ ಎಲೆಯ ಉರಿಯುವ ಗುಣವನ್ನು ಕೆಡಿಸುತ್ತದೆ; ಹರಾಜಿನಲ್ಲಿ ಅದರ ನಷ್ಟ ಬೆಳೆಗಾರನಿಗೆ.

ಮಿಶ್ರಣ ಮತ್ತು ಕಾವು

ಡಾ. ಸಿ.ಎನ್. ಆಚಾರ್ಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರ ಸುಮಾರಿಗೆ ರೂಪಿಸಿದ, ಗುಂಡಿಯಲ್ಲಿ ಪದರಪದರವಾಗಿ ಹಾಕಿ ಮುಚ್ಚುವ ವಿಧಾನವು ಬೆಂಗಳೂರು ಪದ್ಧತಿ ಎಂದೇ ಹೆಸರಾಗಿದೆ. ಪಟ್ಟಣದ ಕಸ ಮತ್ತು ಮಲವನ್ನು ಗೊಬ್ಬರ ಮಾಡಲು ಅದು ಬಳಕೆಗೆ ಬಂತು. ಗುಂಡಿಯನ್ನು ತಿರುವಿ ಹಾಕುವ ಶ್ರಮ ಅದರಲ್ಲಿಲ್ಲ. ಆದರೆ ಗಾಳಿಯಿಲ್ಲದೆ ಕೊಳೆಯುವುದರಿಂದ ಆರೇಳು ತಿಂಗಳು ಹಿಡಿಯುತ್ತದೆ ಮತ್ತು ಮರದ ಅಂಶ ಹಾಗೆಯೇ ಉಳಿಯುತ್ತದೆ. ಮರದ ತ್ಯಾಜ್ಯದ ವಾಣಿಜ್ಯ ಘಟಕಕ್ಕೆ ನೆಲದ ಮೇಲೆ ಉದ್ದನೆಯ ಸಾಲುರಾಶಿ ಹಾಕಿ, ಆಗಾಗ್ಗೆ ತಿರುವಿ, ಗಾಳಿಯಾಡಿಸುವ ವಿಧಾನವೇ ಹೊಂದುತ್ತದೆ. ಸಾಲುರಾಶಿಯು 1.5ರಿಂದ 2 ಮೀಟರ್ ಎತ್ತರ, 3ರಿಂದ 4 ಮೀಟರ್ ಅಗಲವಿದ್ದರೆ ಕಾವು ನಿಲ್ಲುತ್ತದೆ, ಗಾಳಿಯೂ ಒಳಹೋಗುತ್ತದೆ.

ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಆರಂಭದಲ್ಲಿ 25ರಿಂದ 30ಕ್ಕೆ 1ರಷ್ಟು ಇರಬೇಕು. ಮರದ ಪುಡಿಯಲ್ಲಿ ಇದು 400ಕ್ಕೆ 1ರ ಆಸುಪಾಸಿನಲ್ಲಿರುತ್ತದೆ. ಎಳೆಯ ಹಸಿರು ಹುಲ್ಲು ಸೊಪ್ಪಿನಲ್ಲಿ 15ಕ್ಕೆ 1. ಲೆಕ್ಕ ಮಾಡಿದರೆ, ಎರಡನ್ನೂ ಒಣ ತೂಕದಲ್ಲಿ ಸಮಸಮ ಬೆರೆಸಿದಾಗ ಸುಮಾರು 30ಕ್ಕೆ 1 ಬರುತ್ತದೆ. ಆದರೆ ಹಸಿರು ಸೊಪ್ಪಿನ ತೂಕದಲ್ಲಿ ಶೇಕಡಾ 80ರಷ್ಟು ನೀರೇ ಇರುವುದರಿಂದ, ಶೇಕಡಾ 20ರಷ್ಟು ತೇವವಿರುವ 1 ಟನ್ ಮರದ ಪುಡಿಗೆ 4 ಟನ್ ಹಸಿ ಸೊಪ್ಪು ಬೇಕು. ಒಂದು ಲಾರಿ ಪುಡಿಗೆ ಒಂದು ಲಾರಿ ಸೊಪ್ಪು ಎಂದು ಅಂದಾಜಿಸಿದ ಘಟಕದಲ್ಲಿ ರಾಶಿ ಕಾವೇರದೆ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುವುದಕ್ಕೆ ಕಾರಣ ಇದೇ. ಇನ್ನು ಹಾಗೆ 5 ಟನ್ ಬೆರೆಸಿದ ರಾಶಿಯಲ್ಲಿ ತೇವ ಶೇಕಡಾ 68 ಆಗುತ್ತದೆ. ಇರಬೇಕಾದದ್ದು 50ರಿಂದ 60. ಸುಮಾರು 1 ಟನ್ ನೀರು ಆರಿಹೋಗಬೇಕಾದುದರಿಂದ ಸೊಪ್ಪನ್ನು ಒಂದೆರಡು ದಿನ ಬಿಸಿಲಿಗೆ ಬಾಡಿಸಿ ಬೆರೆಸುವುದು ಒಳ್ಳೆಯದು. ಸೊಪ್ಪು ಸಾಕಷ್ಟು ಸಿಗದ ಬೇಸಿಗೆಯಲ್ಲಿ ಸಗಣಿ ಅಥವಾ ಕೋಳಿ ಗೊಬ್ಬರದಿಂದ ಸಾರಜನಕವನ್ನು ಸರಿದೂಗಿಸಬಹುದು.

ರಾಶಿಯ ಒಳಗಿನ ಕಾವನ್ನು ಉದ್ದನೆಯ ಥರ್ಮಾಮೀಟರಿನಿಂದ ಪ್ರತಿದಿನ ಅಳೆದು ಪುಸ್ತಕದಲ್ಲಿ ಬರೆಯಬೇಕು. 55 ಡಿಗ್ರಿಗೆ ಕಡಿಮೆಯಾಗದಂತೆ ಕನಿಷ್ಠ 15 ದಿನ ಕಾಯ್ದುಕೊಂಡು, ಆ ಅವಧಿಯಲ್ಲಿ 5 ಬಾರಿ ತಿರುವುವುದು ಸಾಲುರಾಶಿ ಪದ್ಧತಿಯಲ್ಲಿ ಅನೇಕ ದೇಶಗಳು ಒಪ್ಪಿರುವ ಕ್ರಮ. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ತಿರುವಿದಾಗ ಮಾತ್ರ ಇದಕ್ಕೆ ಅರ್ಥವಿದೆ. ಆನಂತರ ಎರಡು ಮೂರು ತಿಂಗಳು ಹಣ್ಣಾಗಲು ಬಿಡಬೇಕು. ಈ ಅವಧಿಯನ್ನು ಮೊಟಕುಗೊಳಿಸಿ ಮಾರಿದ ಮರದ ಗೊಬ್ಬರವು ಹೊಲಕ್ಕೆ ಬಿದ್ದ ಮೇಲೆ ಕೊಳೆಯುವುದನ್ನು ಮುಂದುವರಿಸಿ, ಮಣ್ಣಿನ ಸಾರಜನಕವನ್ನೇ ಹೀರಿಕೊಳ್ಳುತ್ತದೆ. ಗೊಬ್ಬರ ಹಾಕಿದ ಪೈರೇ ಹಳದಿಯಾಗುತ್ತದೆ. ಒಂದು ಕುಂಡದಲ್ಲಿ ಗೊಬ್ಬರ, ಇನ್ನೊಂದರಲ್ಲಿ ಬರಿಯ ಮಣ್ಣು ಹಾಕಿ ಮೆಂತ್ಯವನ್ನೋ ರಾಗಿಯನ್ನೋ ಬಿತ್ತಿ ಮೊಳಕೆಯನ್ನು ಹೋಲಿಸಿ ನೋಡಿದರೆ ಖರ್ಚಿಲ್ಲದೆ ಇದು ತಿಳಿಯುತ್ತದೆ.

ಸ್ಥಳ, ನೀರು ಮತ್ತು ಬೆಂಕಿ

ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ಹಾಗೂ ಅವುಗಳಿಗೆ ಸೇರುವ ಹಳ್ಳಗಳು, ನಾಲೆಗಳು, ಕೆರೆಗಳು ಈ ತಾಲ್ಲೂಕುಗಳಲ್ಲಿ ಎಲ್ಲೆಡೆ ಇವೆ. ಮಳೆಗಾಲದಲ್ಲಿ ರಾಶಿಯಿಂದ ಒಸರುವ ಕಂದು ನೀರು ಇವುಗಳನ್ನು ಸೇರಬಾರದು. ನೆಲವನ್ನು ಗಟ್ಟಿಗೊಳಿಸಿ, ಇಳಿಜಾರು ಕೊಟ್ಟು, ಈ ನೀರನ್ನು ತೊಟ್ಟಿಯಲ್ಲಿ ಹಿಡಿದು ಮತ್ತೆ ರಾಶಿಗೇ ಸಿಂಪಡಿಸಬೇಕು. ಹೊರಗಿನ ಮಳೆನೀರು ಒಳಬರದಂತೆ ಸುತ್ತಲೂ ಕಾಲುವೆ ತೆಗೆಯಬೇಕು. ಮುಂಗಾರಿನಲ್ಲಿ ಕನಿಷ್ಠ ಹಣ್ಣಾಗುವ ರಾಶಿಗಾದರೂ ಚಾವಣಿ ಬೇಕೇಬೇಕು.

ಜನವಸತಿಯಿಂದ ಇಂದು ದೂರವಿರುವ ಸ್ಥಳ ನಾಳೆಯೂ ದೂರವೇ ಇರುತ್ತದೆ ಎಂದೇನಿಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿ ಸ್ಥಾಪನೆಯಾದಾಗ ಬೆಂಗಳೂರಿನ ಹರಳುಕುಂಟೆ ಬಳಿಯ ಅದರ ಸ್ಥಳ ಊರ ಹೊರಗಿತ್ತು. ನಂತರ ಬಡಾವಣೆಗಳು ಸುತ್ತುವರಿದು, ವಾಸನೆಯ ದೂರುಗಳು ದೀರ್ಘಕಾಲ ಕೇಳಿಬಂದವು. ಹುಣಸೂರು ಮತ್ತು ಕೃಷ್ಣರಾಜನಗರ ಪಟ್ಟಣಗಳ ಅಂಚಿನಲ್ಲಿ ಜಮೀನು ನೋಡುವವರು ಇದನ್ನು ನೆನಪಿನಲ್ಲಿಡುವುದು ಒಳಿತು. ಕಾಡಂಚಿನ ಗ್ರಾಮಗಳಲ್ಲಿ ಬಾಳೆ ದಿಂಡು, ಹಲಸಿನ ತ್ಯಾಜ್ಯ ತೆರೆದಿಟ್ಟರೆ ಆನೆಗಳು ಬರುತ್ತವೆ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯವನ್ನು ಅಧಿಸೂಚಿಸಲಾಗಿರುವುದರಿಂದ, ಕಾಡಂಚಿನಲ್ಲಿ ಜಮೀನು ಹೊಂದಿರುವವರು ಅರಣ್ಯ ಇಲಾಖೆಯಿಂದ ಸರ್ವೆ ನಂಬರುವಾರು ಖಚಿತಪಡಿಸಿಕೊಂಡ ನಂತರವೇ ಮುಂದುವರಿಯತಕ್ಕದ್ದು.

ಒಣ ಮರದ ಚೂರಿನ ದೊಡ್ಡ ರಾಶಿ ಹೊರಗಿನ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲದು. ಒಳಗಿನ ಕಾವು 70 ಡಿಗ್ರಿ ದಾಟಿದರೆ ಕೂಡಲೇ ರಾಶಿಯನ್ನು ಒಡೆದು ಹರಡಿ ನೀರು ಹಾಯಿಸಬೇಕು. ಸಾಲುಗಳ ನಡುವೆ ಅಗ್ನಿಶಾಮಕ ವಾಹನ ಹೋಗುವಷ್ಟು ದಾರಿ ಬಿಡುವುದು ಜಾಗದ ಅಪವ್ಯಯವಲ್ಲ.

ಪಡೆಯಬೇಕಾದ ಅನುಮತಿಗಳು

ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರಂತೆ ಭೂಪರಿವರ್ತನೆ ಅಗತ್ಯ. ಸಣ್ಣ ಕೈಗಾರಿಕೆಗಳಿಗೆ ಸಂಬಂಧಿಸಿದಂತೆ ಈ ಕಲಮಿಗೆ ಇತ್ತೀಚೆಗೆ ತಿದ್ದುಪಡಿಗಳಾಗಿರುವುದರಿಂದ, ಶುಲ್ಕ ಪಾವತಿಸುವ ಮುನ್ನ ತಮ್ಮ ಜಮೀನಿಗೆ ವಿನಾಯಿತಿ ಅನ್ವಯಿಸುತ್ತದೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪಹಣಿಯಲ್ಲಿರುವ ಹೆಸರು ಮತ್ತು ಅರ್ಜಿದಾರರ ಹೆಸರು ಒಂದೇ ಇರಬೇಕು. ತಂದೆಯ ಹೆಸರಿನಲ್ಲಿ ಪಹಣಿ, ಮಗನ ಹೆಸರಿನಲ್ಲಿ ಅರ್ಜಿ ಇರುವ ಪ್ರಕರಣಗಳಲ್ಲಿ ನೋಂದಾಯಿತ ಗುತ್ತಿಗೆ ಪತ್ರವನ್ನು ಮೊದಲೇ ಮಾಡಿಸಿಕೊಂಡರೆ ಅರ್ಜಿ ಅಲ್ಲೇ ನಿಲ್ಲುವುದಿಲ್ಲ. ಗ್ರಾಮೀಣ ಪ್ರದೇಶದಲ್ಲಿ ಕಟ್ಟಡಕ್ಕೂ ಯಂತ್ರ ಸ್ಥಾಪನೆಗೂ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಪಟ್ಟಣ ವ್ಯಾಪ್ತಿಯಲ್ಲಿ ಆಯಾ ನಗರ ಸ್ಥಳೀಯ ಸಂಸ್ಥೆಯದು.

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ 1974ರ ಜಲ ಕಾಯ್ದೆ ಹಾಗೂ 1981ರ ವಾಯು ಕಾಯ್ದೆಗಳಡಿ ಸ್ಥಾಪನಾ ಸಮ್ಮತಿ ಮತ್ತು ನಂತರ ಕಾರ್ಯಾಚರಣೆ ಸಮ್ಮತಿಯ ವಿಷಯ ಬರುತ್ತದೆ. ಯಾವ ಉದ್ದಿಮೆ ಯಾವ ವರ್ಗಕ್ಕೆ ಸೇರುತ್ತದೆ ಎಂಬ ಪಟ್ಟಿಯನ್ನು ಕೇಂದ್ರ ಮಂಡಳಿಯು 2025ರಲ್ಲಿ ಪರಿಷ್ಕರಿಸಿ, ಪರಿಸರ ಸೇವೆಗಳಿಗಾಗಿ ನೀಲಿ ವರ್ಗವನ್ನು ಸೇರಿಸಿದೆ. ಘಟಕದ ವರ್ಗ ಅದರ ಕಚ್ಚಾವಸ್ತು ಮತ್ತು ವಿಧಾನವನ್ನು ಅವಲಂಬಿಸುತ್ತದೆ. ಹೊಲದ ತ್ಯಾಜ್ಯ ಮಾತ್ರ ಎಂದು ಬರೆದು, ನಂತರ ಪಟ್ಟಣದ ಮಿಶ್ರ ಕಸವನ್ನು ಪಡೆಯುವುದು ಸಮ್ಮತಿಯ ಉಲ್ಲಂಘನೆಯಾಗುತ್ತದೆ. ಪಟ್ಟಣದ ಉದ್ಯಾನ ತ್ಯಾಜ್ಯವನ್ನು ಪಡೆಯುವ ಉದ್ದೇಶವಿದ್ದಲ್ಲಿ ಅದನ್ನು ಆರಂಭದಲ್ಲೇ ನಮೂದಿಸಬೇಕು. ದಿನಕ್ಕೆ 5 ಟನ್ನಿಗೂ ಹೆಚ್ಚು ಘನತ್ಯಾಜ್ಯ ಸಂಸ್ಕರಿಸುವ ಘಟಕಗಳಿಗೆ 2016ರ ನಿಯಮಗಳು ಮಂಡಳಿಯ ಅಧಿಕಾರ ಪತ್ರವನ್ನು ಕಡ್ಡಾಯಗೊಳಿಸಿದ್ದವು. ಅರ್ಜಿಯ ದಿನಾಂಕದಂದು ಜಾರಿಯಲ್ಲಿರುವ ಘನತ್ಯಾಜ್ಯ ನಿಯಮಗಳಂತೆ ಮಂಡಳಿಯ ಮೈಸೂರು ಪ್ರಾದೇಶಿಕ ಕಚೇರಿಯಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಕ್ಷೇಮ.

ಕೊಂಬೆ ಚೂರು ಮಾಡುವ ಚಿಪ್ಪರ್ ಯಂತ್ರವು ಮರ ಆಧಾರಿತ ಕೈಗಾರಿಕೆಗಳ ನಿಯಮಗಳಿಗೆ ಒಳಪಡುವುದೇ ಎಂಬ ಬಗ್ಗೆ ಅರಣ್ಯ ಇಲಾಖೆಯಿಂದಲೂ ಹೀಗೆಯೇ ಲಿಖಿತ ಉತ್ತರ ಪಡೆಯಬೇಕು. ತೇಗ, ಬೀಟೆ, ಹೊನ್ನೆ, ಶ್ರೀಗಂಧದ ತುಂಡುಗಳು ರಾಶಿಯಲ್ಲಿ ಕಂಡುಬಂದಲ್ಲಿ ಗೊಬ್ಬರಕ್ಕೆಂದು ತಂದದ್ದು ಎಂಬ ವಿವರಣೆ ನಿಲ್ಲುವುದಿಲ್ಲ. ಪ್ರತಿ ಲೋಡಿಗೂ ಕೊಟ್ಟವರ ವಿಳಾಸ, ಸರ್ವೆ ನಂಬರು, ವಸ್ತುವಿನ ವಿವರ, ತೂಕದ ಚೀಟಿ ಇರುವ ಒಳಬರುವ ವಹಿಯೊಂದನ್ನು ಇಟ್ಟಲ್ಲಿ ಅರಣ್ಯ, ಕೃಷಿ, ಮಾಲಿನ್ಯ ಮಂಡಳಿ ಮೂರೂ ತಪಾಸಣೆಗಳಿಗೆ ಅದೊಂದೇ ಸಾಕಾಗುತ್ತದೆ.

ಮಾರಾಟಕ್ಕೆ ಸಂಬಂಧಿಸಿದಂತೆ ರಸಗೊಬ್ಬರ (ನಿಯಂತ್ರಣ) ಆದೇಶ, 1985 ಅನ್ವಯಿಸುತ್ತದೆ. ಸಾವಯವ ಗೊಬ್ಬರಗಳನ್ನು 2006ರಲ್ಲಿ ಈ ಆದೇಶದ ವ್ಯಾಪ್ತಿಗೆ ತರಲಾಯಿತು. ತಯಾರಿಕಾ ಪ್ರಮಾಣಪತ್ರಕ್ಕೂ ಮಾರಾಟದ ಅಧಿಕಾರ ಪತ್ರಕ್ಕೂ ಕೃಷಿ ಇಲಾಖೆಗೆ ಅರ್ಜಿ ಸಲ್ಲಿಸಬೇಕು. ಯಾವ ಹೆಸರಿನ ಉತ್ಪನ್ನವೆಂದು ಅರ್ಜಿಯಲ್ಲಿ ನಮೂದಿಸಲಾಗುತ್ತದೆಯೋ ಆ ಹೆಸರಿಗೆ ನಿಗದಿಯಾದ ಮಾನದಂಡವೇ ಅನ್ವಯಿಸುತ್ತದೆ. ಉದಾಹರಣೆಗೆ ನಗರ ಕಾಂಪೋಸ್ಟ್ ಎಂಬ ಹೆಸರಿನಡಿ ತೇವಾಂಶ ಶೇಕಡಾ 15ರಿಂದ 25, ಸಾರಜನಕ ಶೇಕಡಾ 0.8ಕ್ಕೆ ಕಡಿಮೆಯಿಲ್ಲದಂತೆ, ಇಂಗಾಲ ಮತ್ತು ಸಾರಜನಕದ ಅನುಪಾತ 20ಕ್ಕಿಂತ ಕಡಿಮೆ, ಪಿಎಚ್ 6.5ರಿಂದ 7.5, ಶೇಕಡಾ 90ರಷ್ಟಾದರೂ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯುವಂತೆ, ಆರ್ಸೆನಿಕ್ ಕಿಲೋಗೆ 10 ಮತ್ತು ಸೀಸ 100 ಮಿಲಿಗ್ರಾಂ ಮೀರದಂತೆ ಇರಬೇಕೆಂದಿದೆ. ಮರದ ಪುಡಿ ಅತಿಯಾದ ಗೊಬ್ಬರ ಸಾರಜನಕದಲ್ಲೂ ಅನುಪಾತದಲ್ಲೂ, ಬೂದಿ ಬೆರೆತದ್ದು ಪಿಎಚ್‌ನಲ್ಲೂ ಅನುತ್ತೀರ್ಣವಾಗುತ್ತದೆ.

ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಏಕಗವಾಕ್ಷಿ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಿದಲ್ಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯ ಮುಂದೆ ಹಲವು ಇಲಾಖೆಗಳ ವಿಷಯ ಒಟ್ಟಿಗೆ ಬರುತ್ತದೆ. ವಿದ್ಯುತ್ ಸಂಪರ್ಕಕ್ಕೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಪ್ರತ್ಯೇಕ ಅರ್ಜಿ ಬೇಕು. ನೀರಾವರಿ ಪಂಪ್‌ಸೆಟ್ಟಿನ ಸಂಪರ್ಕದಿಂದ ಚಿಪ್ಪರ್ ನಡೆಸುವಂತಿಲ್ಲ. ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ವಿದ್ಯುತ್ ಬಳಸಿ 20 ಅಥವಾ ಹೆಚ್ಚು ಕಾರ್ಮಿಕರಿರುವ ಘಟಕ ಕಾರ್ಖಾನೆಯೆಂದು ಪರಿಗಣಿತವಾಗುತ್ತದೆ. ಕಾರ್ಮಿಕರ ಸಂಖ್ಯೆ ಎಷ್ಟೇ ಇರಲಿ, ಒಣ ರಾಶಿ ತಿರುವುವವರಿಗೆ ಮುಖಗವಸು ಕೊಡಬೇಕು. ಅದರ ಧೂಳಿನಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಹಾನಿಕರ.

ಯೋಜನಾ ವರದಿಯ ಲೆಕ್ಕ

ಒಳಬಂದ ತೂಕದ ಅರ್ಧದಷ್ಟು ಗೊಬ್ಬರ ದೊರೆಯುತ್ತದೆ ಎಂದು ವರದಿಗಳಲ್ಲಿ ಸಲೀಸಾಗಿ ಬರೆದಿರುತ್ತದೆ. 100 ಟನ್ ಮಿಶ್ರಣದಲ್ಲಿ ಶೇಕಡಾ 60 ತೇವವಿದ್ದರೆ ಒಣ ಅಂಶ 40 ಟನ್ ಮಾತ್ರ. ಕೊಳೆಯುವಾಗ ಅದರಲ್ಲಿ ಶೇಕಡಾ 40 ಅನಿಲವಾಗಿ ಹೋದರೆ ಉಳಿಯುವುದು 24 ಟನ್. ಮಾರಾಟದ ತೇವವಾದ ಶೇಕಡಾ 25ಕ್ಕೆ ತಂದಾಗ ಅದು 32 ಟನ್. ಜರಡಿಯಲ್ಲಿ ಐದನೇ ಒಂದು ಭಾಗ ಮರದ ಚೂರಾಗಿ ಮೇಲುಳಿದರೆ ಚೀಲಕ್ಕೆ ಬರುವುದು 26 ಟನ್ನಿಗೂ ತುಸು ಕಡಿಮೆ. ಮೇಲುಳಿದ ಚೂರು ವ್ಯರ್ಥವಲ್ಲ, ಮುಂದಿನ ರಾಶಿಗೆ ಹೆಪ್ಪಾಗಿ ಹೋಗುತ್ತದೆ. ಆದರೆ ಅದನ್ನು ಈ ವರ್ಷದ ಆದಾಯದಲ್ಲಿ ತೋರಿಸುವಂತಿಲ್ಲ. ಅರ್ಧ ಎಂದು ನಂಬಿ ಸಾಲದ ಕಂತು ನಿಗದಿಪಡಿಸಿಕೊಂಡವರಿಗೆ ಮೊದಲ ವರ್ಷದಲ್ಲೇ ಕಂತು ತಪ್ಪುತ್ತದೆ.

ಎರಡನೆಯದು ಕಾಲದ ಲೆಕ್ಕ. ಕಡ್ಡಿ, ದಂಟು, ತರಗು ಹೆಚ್ಚಾಗಿ ಬರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಗೊಬ್ಬರ ಮಾರಾಟವಾಗುವುದು ಮುಂಗಾರಿಗೆ ಮುಂಚೆ, ಏಪ್ರಿಲ್‌ನಿಂದ ಜೂನ್‌ವರೆಗೆ. ಮರದ ಅಂಶವಿರುವ ರಾಶಿಗೆ ಒಟ್ಟು ನಾಲ್ಕರಿಂದ ಆರು ತಿಂಗಳು ಬೇಕಾದುದರಿಂದ, ಫೆಬ್ರವರಿಯ ನಂತರ ಬಂದ ವಸ್ತು ಆ ವರ್ಷದ ಮುಂಗಾರಿಗೆ ಸಿದ್ಧವಾಗುವುದಿಲ್ಲ. ಅದು ಮಳೆಗಾಲವನ್ನು ಚಾವಣಿಯ ಕೆಳಗೆ ಕಳೆಯಬೇಕು, ಅಷ್ಟು ದಿನದ ಕೂಲಿ ಮತ್ತು ಬಡ್ಡಿಯನ್ನು ದುಡಿಯುವ ಬಂಡವಾಳದಿಂದ ಭರಿಸಬೇಕು. ಇದನ್ನು ವರದಿಯಲ್ಲಿ ತೋರಿಸದಿದ್ದಲ್ಲಿ ಬ್ಯಾಂಕು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ನವೆಂಬರ್‌ನಲ್ಲಿ ಸಂಗ್ರಹಣೆ ಆರಂಭಿಸಲು ಇಚ್ಛಿಸುವವರು ಭೂಪರಿವರ್ತನೆ ಮತ್ತು ಸ್ಥಾಪನಾ ಸಮ್ಮತಿಯ ಅರ್ಜಿಗಳನ್ನು ಅದೇ ವರ್ಷದ ಏಪ್ರಿಲ್‌ನೊಳಗೆ ಸಲ್ಲಿಸುವುದು ಅನುಕೂಲ. ಅರ್ಜಿಯೊಂದಿಗೆ ಪಹಣಿ, ನಕಾಶೆ, ಕಚ್ಚಾವಸ್ತುವಿನ ಮೂಲ ಹಾಗೂ ಪ್ರಮಾಣದ ವಿವರ, ಕಂದು ನೀರನ್ನು ಹಿಡಿಯುವ ತೊಟ್ಟಿಯ ಅಳತೆ, ಮತ್ತು ಹೊಗೆಸೊಪ್ಪಿನ ಕಡ್ಡಿಯನ್ನು ಪಡೆಯುವುದಾದಲ್ಲಿ ಅದಕ್ಕಾಗಿ ಮೀಸಲಿಟ್ಟ ಜಾಗವನ್ನು ಗುರುತಿಸಿದ ನಕ್ಷೆಯನ್ನು ಲಗತ್ತಿಸಬೇಕು. ಸಲ್ಲಿಸಿದ ಪ್ರತಿ ಅರ್ಜಿಗೂ ದಿನಾಂಕವಿರುವ ಸ್ವೀಕೃತಿಯನ್ನು, ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯತಕ್ಕದ್ದು.